ಹೌಜ್ ಖಾಸ್‌ನ ರಾತ್ರಿ ಲಾರಿಗಳು

ದೆಹಲಿಗೆ ಬರುವ ನಮ್ಮ ಕಡೆಯವರಿಗೆ ಹೌಜ್ ಖಾಸ್ ಅಂದರೆ ಕೆರೆ, ಗೋರಿ, ಜಿಂಕೆ ಪಾರ್ಕು ಮತ್ತು ಪಕ್ಕದ ದುಬಾರಿ ಕಾಫಿ ಅಂಗಡಿಗಳು. ಸಿರಿ ಕೋಟೆಯ ಜನರಿಗೆ ನೀರು ಬೇಕೆಂದು ಅಲ್ಲಾವುದ್ದೀನ್ ಖಿಲ್ಜಿ ತೋಡಿಸಿದ ಕೆರೆ ಇದು. ಹೂಳು ತುಂಬಿದ್ದನ್ನು ಫಿರೋಜ್ ಷಾ ತುಘಲಕ್ 1350ರ ದಶಕದಲ್ಲಿ ತೆಗೆಸಿ, ದಂಡೆಯ ಮೇಲೆ ಮದರಸಾ ಕಟ್ಟಿಸಿದ. 1388ರಲ್ಲಿ ತೀರಿಕೊಂಡ ಮೇಲೆ ಅಲ್ಲೇ ಮಣ್ಣಾದ. ಇದೆಲ್ಲ ಹಗಲಿನ ಹೌಜ್ ಖಾಸ್. ಏಳು ವರ್ಷಗಳಿಂದ ಇಲ್ಲಿ ಬಾಡಿಗೆಗಿರುವ ನನಗೆ ಗೊತ್ತಿರುವ ಇನ್ನೊಂದು ಹೌಜ್ ಖಾಸ್ ಇದೆ. ಅದು ಶುರುವಾಗುವುದು ರಾತ್ರಿ ಹನ್ನೊಂದರ ಮೇಲೆ.

ಹಗಲು ಹೊತ್ತಿನಲ್ಲಿ ಭಾರೀ ಲಾರಿಗಳಿಗೆ ನಗರದೊಳಗೆ ಪ್ರವೇಶವಿಲ್ಲ. ನಿರ್ಬಂಧ ಸಡಿಲವಾಗುತ್ತಲೇ ಐಐಟಿ ಮುಂದಿನ ಔಟರ್ ರಿಂಗ್ ರೋಡಿನ ದನಿಯೇ ಬದಲಾಗುತ್ತದೆ. ಮುನಿರ್ಕಾ ದಾಟಿ, ರಾವ್ ತುಲಾರಾಮ್ ಮಾರ್ಗದಲ್ಲಿ ನಮ್ಮ ದೆಹಲಿ ಕರ್ನಾಟಕ ಸಂಘದ ಮುಂದೆಯೇ ಹಾದು, ಲಾರಿಗಳು ರಾಷ್ಟ್ರೀಯ ಹೆದ್ದಾರಿ 48 ಹಿಡಿಯುತ್ತವೆ. ಅದೇ ರಸ್ತೆಯಲ್ಲಿ ಸುಮ್ಮನೆ ಹೋಗುತ್ತಿದ್ದರೆ ಜೈಪುರ, ಅಹಮದಾಬಾದ್, ಮುಂಬೈ, ಪುಣೆ. ಆಮೇಲೆ ಬೆಳಗಾವಿ, ಹುಬ್ಬಳ್ಳಿ, ಹಾವೇರಿ, ದಾವಣಗೆರೆ. 2018ರಲ್ಲಿ ನಗರದ ಸುತ್ತಲಿನ ಎರಡೂ ಪೆರಿಫೆರಲ್ ಎಕ್ಸ್‌ಪ್ರೆಸ್‌ವೇಗಳು ತೆರೆದ ಮೇಲೆ, ಬರೀ ಹಾದುಹೋಗುವ ಲಾರಿಗಳು ಒಳಗೆ ಬರಬೇಕಾಗಿಲ್ಲ. 2015ರಿಂದ ಸುಪ್ರೀಂ ಕೋರ್ಟ್ ಆದೇಶದಂತೆ ಒಳಬರುವ ಲಾರಿಗಳು ಮಾಲಿನ್ಯದ ಶುಲ್ಕವನ್ನೂ ಕಟ್ಟಬೇಕು. ಆದರೂ ದೆಹಲಿ ತಿನ್ನುವುದು, ಕಟ್ಟುವುದು ನಿಂತಿಲ್ಲವಲ್ಲ. ಲಾರಿಗಳು ಬರುತ್ತಲೇ ಇವೆ.

ಇವುಗಳನ್ನು ನಾನು ಕಣ್ಣಿಟ್ಟು ನೋಡತೊಡಗಿದ್ದು ರಾಣೆಬೆನ್ನೂರಿನ ಭಾವನಿಂದಾಗಿ. ಎರಡು ಹಳೆಯ ಹತ್ತು ಚಕ್ರದ ಗಾಡಿಗಳಲ್ಲಿ ಮೆಕ್ಕೆಜೋಳ ಸಾಗಿಸುವ ಅವರು, ಸಾಲ ಮಾಡಿ ಒಂದು ಟ್ರೇಲರ್ ಲಾರಿ ಕೊಳ್ಳಬೇಕು, ದೂರದ ಲೈನಿಗೆ ಹಾಕಬೇಕು ಎಂದಿದ್ದರು. ಒಬ್ಬ ಡ್ರೈವರ್ ಜೊತೆ ಸರದಿಯ ಮೇಲೆ ಅವರೇ ಓಡಿಸುವವರು. ಅಕ್ಕ ಫೋನಿನಲ್ಲಿ, "ಕಂಪ್ಯೂಟರಿನ್ಯಾಗ ಎಲ್ಲಾ ಹೋಲಿಸಿ ನೋಡಿ ಹೇಳೋ ತಮ್ಮಾ. ಅವರ ಬೆನ್ನು ಮೊದಲ ಸರಿಯಿಲ್ಲ" ಅಂದಳು.

ಹೋಲಿಸುವುದು ನಮ್ಮ ಕಸುಬೇ ಅಲ್ಲವೇ? ಎಕ್ಸೆಲ್ ತೆರೆದೆ. ಲಾರಿಯ ಹೆಸರಿನಲ್ಲೇ ಅರ್ಧ ಜಾತಕ ಇರುತ್ತದೆ. ಟಾಟಾ ಸಿಗ್ನಾ 5530 ಅಂದರೆ ಸರಕೂ ಸೇರಿ 55 ಟನ್ ಒಟ್ಟು ತೂಕ, ಸುಮಾರು 300 ಅಶ್ವಶಕ್ತಿ. ಭಾರತ್‌ಬೆಂಜ್ 5528 ಸುಮಾರು 280. ಅಶೋಕ್ ಲೇಲ್ಯಾಂಡಿನ ಎವಿಟಿಆರ್ 5525 ಸುಮಾರು 250. ಶಕ್ತಿ ಹೆಚ್ಚಿದ್ದರೆ ಘಾಟಿನಲ್ಲಿ ಸಲೀಸು. ಸಮತಟ್ಟು ರಸ್ತೆಯಲ್ಲಿ, ಹಗುರ ಸರಕಿಗೆ ಅಷ್ಟು ಬೇಕಿಲ್ಲ. 1998ರಿಂದ ಹೊಸಕೋಟೆಯಲ್ಲಿ ತಯಾರಾಗುವ ವೋಲ್ವೋ ಎಲ್ಲಕ್ಕಿಂತ ಸುಖ, ಆದರೆ ಅದರ ಬೆಲೆಗೆ ಭಾವನ ಕಂತು ಹೊಂದುವುದಿಲ್ಲ.

ಮುಂದಿನದು ಡೀಸೆಲ್. ಬೆಂಗಳೂರಿನಿಂದ ದೆಹಲಿಗೆ ನಾಗಪುರದ ದಾರಿಯಲ್ಲಿ ಸುಮಾರು 2,100 ಕಿ.ಮೀ. ಲೀಟರಿಗೆ 3 ಕಿ.ಮೀ. ಕೊಟ್ಟರೆ 700 ಲೀಟರ್; 3.3 ಕೊಟ್ಟರೆ 636. ಲೀಟರಿಗೆ 90 ರೂಪಾಯಿ ಹಿಡಿದರೆ ಒಂದು ಕಡೆಯ ಓಟಕ್ಕೇ ಐದೂಮುಕ್ಕಾಲು ಸಾವಿರದ ವ್ಯತ್ಯಾಸ. ಮಾಲೀಕರು ಅವರೇಜ್ ಅವರೇಜ್ ಎಂದು ಜಪಿಸುವುದು ಇದಕ್ಕೇ.

ಒಂದು ಶನಿವಾರ ಮಾನೇಸರ್ ಆಚೆಯ ಢಾಬಾದಲ್ಲಿ ಕೆಎ-27 ನಂಬರಿನ ಗಾಡಿ ಕಂಡು ನಿಂತೆ. ಹಾವೇರಿ ಕಡೆಯ ಡ್ರೈವರಣ್ಣ ರೊಟ್ಟಿ ಮುರಿಯುತ್ತಿದ್ದ. ಯಾವ ಕಂಪನಿ ಚಲೋ ಎಂದು ಕೇಳಿದೆ. "ಎಂಜಿನ್ ಎಲ್ಲಾರದೂ ಎಳೀತಾವ್ರೀ ಸರ. ಕೆಟ್ಟು ನಿಂತಾಗ ಯಾವುದರ ಸಾಮಾನು ಲಗೂ ಸಿಗತೈತಿ, ಅದನ್ನ ನೋಡ್ರಿ. ಆಮ್ಯಾಲೆ ಸೀಟು ನೋಡ್ರಿ. ಮಾಲೀಕ್ರು ಗಾಡಿ ಕೊಳ್ತಾರ, ಅದರಾಗ ಬಾಳೇ ಮಾಡವ್ರು ನಾವು" ಅಂದ. ಬಿಎಸ್ 6 ಗಾಡಿಗಳ ಇನ್ನೊಂದು ಕಿರಿಕಿರಿಯನ್ನೂ ಹೇಳಿದ: ಹೊಗೆ ಶುದ್ಧ ಮಾಡುವ ಯೂರಿಯಾ ದ್ರವ ಖಾಲಿಯಾದರೆ ಎಂಜಿನ್ ತಾನೇ ಶಕ್ತಿ ತಗ್ಗಿಸಿಕೊಳ್ಳುತ್ತದೆ. ರಾತ್ರಿ ಹೊತ್ತು ಅದು ಸಿಗುವ ಜಾಗ ಗೊತ್ತಿರಬೇಕು.

ಮನೆಗೆ ಬಂದು ನನ್ನ ಪಟ್ಟಿಗೆ ಐದು ಕಾಲಂ ಸೇರಿಸಿದೆ: ನಾವು ಓಡಿಸುವ ದಾರಿಯಲ್ಲಿ ಎಷ್ಟು ಸರ್ವಿಸ್ ಕೇಂದ್ರಗಳಿವೆ, ಸೀಟಿಗೆ ಕುಲುಕು ತಡೆಯುವ ಸಸ್ಪೆನ್ಷನ್ ಇದೆಯೇ, ಕ್ಲಚ್ ಎಷ್ಟು ಬಿಗಿ, ಹಿಂದಿನ ಮಲಗುವ ಹಲಗೆ ಎಷ್ಟುದ್ದ, ಎಸಿ ಇದೆಯೇ. ಹೊಸ ಭಾರೀ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯ ಮಾಡುವ ನಿಯಮ 2025ರಲ್ಲಿ ಜಾರಿಗೆ ಬಂತು. ಅದಕ್ಕೂ ಹಿಂದಿನ ಸೆಕೆಂಡ್ ಹ್ಯಾಂಡ್ ಗಾಡಿ ಅಗ್ಗಕ್ಕೆ ಸಿಕ್ಕರೆ ಇದನ್ನು ನೋಡಿಕೊಳ್ಳಲೇಬೇಕು. ಮೇ ತಿಂಗಳಲ್ಲಿ ರಾಜಸ್ಥಾನ ದಾಟುವವನಿಗೆ ಎಸಿ ಶೋಕಿಯಲ್ಲ, ಅವನ ಎಚ್ಚರ. 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ದಿನಕ್ಕೆ ಎಂಟು ಗಂಟೆ ದುಡಿಮೆ ಅನ್ನುತ್ತಿತ್ತು. ರಸ್ತೆಯ ಮೇಲೆ ಆ ಲೆಕ್ಕ ಇಡುವವರು ಯಾರು? ನನ್ನ ಕಿಟಕಿಯಾಚೆ ನಡುರಾತ್ರಿ ಹೋಗುವ ಲಾರಿಯವನು ಎಷ್ಟು ಗಂಟೆಯಿಂದ ಸ್ಟೀರಿಂಗ್ ಹಿಡಿದಿದ್ದಾನೋ ಎಂದು ಈಗ ಮೊದಲು ಅನ್ನಿಸುವುದು ಅದೇ.

ಭಾವನಿಗೆ ಮೂರು ಮಾಡೆಲ್ ಆರಿಸಿ ಕಳಿಸಿದೆ. ಹುಬ್ಬಳ್ಳಿಯಲ್ಲಿ ಗಾಡಿ ನೋಡಲು ಹೋದಾಗ ಅಕ್ಕನೂ ಹೋಗಿದ್ದಳಂತೆ. ಮಾರುವವನು ಎಂಜಿನ್ನಿನ ಗುಣಗಾನ ಮಾಡುತ್ತಿದ್ದರೆ ಇವಳು ಕ್ಯಾಬಿನ್ ಹತ್ತಿ, ಹಿಂದಿನ ಹಲಗೆಯನ್ನು ಗೇಣು ಹಾಕಿ ಅಳೆದು, "ಇವರ ಕಾಲು ಹೊರಗ ಬರತಾವು. ಮುಂದಿಂದು ತೋರಸ್ರಿ" ಅಂದಳಂತೆ.