ಫಾರ್ಗೋ ಚಳಿಯಲ್ಲಿ ಒಂದು ಸೆಕೆಂಡ್‌ಹ್ಯಾಂಡ್ ಕಾರು!

ಫಾರ್ಗೋ ಅಂದರೆ ನಿಮಗೇನು ನೆನಪಾಗುತ್ತೆ? ನಮ್ಮಪ್ಪನನ್ನು ಕೇಳಿದರೆ ‘ಲಾರಿ’ ಅಂತಾರೆ. ದಾವಣಗೆರೆಗೆ ಹತ್ತಿ ಹೊತ್ತು ಬರುತ್ತಿದ್ದ ಹಳೇ ಫಾರ್ಗೋ ಲಾರಿಯಲ್ಲಿ ಕ್ಲೀನರ್ ಆಗಿ ದುಡಿಮೆ ಶುರುಮಾಡಿದ ಮನುಷ್ಯ ಅವರು. ನನ್ನನ್ನು ಕೇಳಿದರೆ ‘ಸಿನಿಮಾ’ ಅಂತೀನಿ. ಕೋಯೆನ್ ಸಹೋದರರು 1996ರಲ್ಲಿ ತೆಗೆದ, ಫ್ರಾನ್ಸಿಸ್ ಮೆಕ್‌ಡಾರ್ಮಂಡ್‌ಗೆ ಆಸ್ಕರ್ ತಂದುಕೊಟ್ಟ ಚಿತ್ರ. ಪರದೆ ತುಂಬಾ ಬರೀ ಬಿಳುಪು, ಆ ಬಿಳುಪಿನೊಳಗಿಂದ ಇನ್ನೊಂದು ಕಾರನ್ನು ಎಳೆದುಕೊಂಡು ಬರುವ ಒಂದು ಕಾರು... ಆ ಶಾಟ್ ನೋಡಿಯೇ ನನಗೆ ಮೈ ನಡುಗಿತ್ತು. ಅದೂ ದಾವಣಗೆರೆಯ ಏಪ್ರಿಲ್ ಬಿಸಿಲಲ್ಲಿ, ಫ್ಯಾನ್ ಕೆಳಗೆ ಕೂತು!

ಅದೇ ಊರಿಗೆ ಓದೋಕೆ ಹೋಗ್ತೀನಿ ಅಂತ ಕನಸಲ್ಲೂ ಎಣಿಸಿರಲಿಲ್ಲ. 2013ರ ಆಗಸ್ಟ್‌ನಲ್ಲಿ ಇಳಿದೆ. ಅಮೆರಿಕದ ನಾರ್ತ್ ಡಕೋಟಾ ರಾಜ್ಯದ ಅತಿ ದೊಡ್ಡ ಊರು, ಆದರೂ ಜನ ಒಂದು ಲಕ್ಷ ಚಿಲ್ಲರೆ. ರೊಟ್ಟಿ ಹಂಚಿನಂಥ ಸಪಾಟು ನೆಲ, ಪಕ್ಕದಲ್ಲೇ ರೆಡ್ ರಿವರ್. ಮೊದಲ ದಿನವೇ ಓಡಿದ್ದು ಸಿನಿಮಾ ಜಾಗಗಳನ್ನು ಹುಡುಕಿಕೊಂಡು. ಅಲ್ಲಿ ಗೊತ್ತಾಯಿತು, ಆ ಚಿತ್ರದ ಒಂದೇ ಒಂದು ದೃಶ್ಯವನ್ನೂ ಫಾರ್ಗೋದಲ್ಲಿ ತೆಗೆದಿಲ್ಲ! ಹೆಸರು ಮಾತ್ರ ಇವರದು. ಆದರೂ ಊರಿನವರಿಗೆ ಬೇಸರವಿಲ್ಲ. ಚಿತ್ರದಲ್ಲಿ ಬಳಸಿದ ಮರ ಅರೆಯುವ ಮಿಷನ್ನನ್ನು ಪ್ರವಾಸಿ ಕೇಂದ್ರದಲ್ಲಿ ಇಟ್ಟಿದ್ದಾರೆ, ಕಿವಿ ಮುಚ್ಚುವ ಟೊಪ್ಪಿಗೆ ಹಾಕಿಸಿ ಫೋಟೋಕ್ಕೆ ನಿಲ್ಲಿಸುತ್ತಾರೆ. 1926ರಲ್ಲಿ ಕಟ್ಟಿದ ಫಾರ್ಗೋ ಥಿಯೇಟರ್‌ನಲ್ಲಿ ನಾಯಕಿಯ ಮರದ ಬೊಂಬೆಯೇ ಇದೆ. ಇನ್ನೊಂದು ತಮಾಷೆ ಗೊತ್ತೇ? ಶೂಟಿಂಗ್ ನಡೆದ ವರ್ಷ ಹಿಮ ಬೀಳದೆ ಚಿತ್ರತಂಡ ಹಿಮ ಹುಡುಕಿಕೊಂಡು ಉತ್ತರಕ್ಕೆ ಅಲೆಯಿತಂತೆ.

ನಾನು ಹೋದ ವರ್ಷ ಅಂಥ ಬರ ಬರಲಿಲ್ಲ ಸ್ವಾಮಿ! ಡಿಸೆಂಬರ್ ಹೊತ್ತಿಗೆ ಮೈನಸ್ 25, ಮೈನಸ್ 28. ಲ್ಯಾಬ್ ಕೆಲಸ ಮುಗಿಯೋದು ರಾತ್ರಿ ಹನ್ನೊಂದಕ್ಕೆ, ಆ ಹೊತ್ತಿಗೆ ಬಸ್ಸಿಲ್ಲ. ರೂಮಿಗೆ ಮೂರು ಮೈಲಿ ನಡಿಗೆ. ಉಸಿರೆಳೆದರೆ ಮೂಗಿನ ಕೂದಲು ಗಟ್ಟಿಯಾಗುತ್ತೆ, ಕಣ್ಣು ಮಿಟುಕಿಸಿದರೆ ರೆಪ್ಪೆ ಅಂಟಿಕೊಳ್ಳುತ್ತೆ. ಒಂದು ರಾತ್ರಿ ಮಫ್ಲರ್ ಮರೆತು ಹೋಗಿದ್ದೆ. ರೂಮು ಸೇರಿ ಕನ್ನಡಿ ನೋಡಿದರೆ ಎಡಗಿವಿಯ ತುದಿ ಮೇಣದ ಹಾಗೆ ಬೆಳ್ಳಗಾಗಿದೆ, ಮುಟ್ಟಿದರೆ ಗೊತ್ತೇ ಆಗ್ತಿಲ್ಲ! ಡಾಕ್ಟರು ಹೇಳಿದರು: ಇನ್ನರ್ಧ ಗಂಟೆ ತಡವಾಗಿದ್ದರೆ ಕಿವಿಯ ಆಸೆ ಬಿಡಬೇಕಿತ್ತು.

ಕೈಯಲ್ಲಿದ್ದದ್ದು 3,200 ಡಾಲರ್. ಕೂಡಿಟ್ಟದ್ದೆಲ್ಲಾ ಅಷ್ಟೇ. ಮನೆಗೆ ಫೋನ್ ಮಾಡಿದೆ.

‘ನೋಡಪ್ಪಾ, ಗಾಡಿ ತಣ್ಣಗಿರೋವಾಗ ನೋಡು. ಬಿಸಿಯಾದ ಮೇಲೆ ಎಲ್ಲಾ ಗಾಡಿನೂ ಒಳ್ಳೇದೇ’ ಅಂದರು ಅಪ್ಪ. ಆಮೇಲೆ ಕಿವಿ ವಿಷಯ ಕೇಳಿ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ.

ಜೊತೆಗೆ ಬಂದವರು ಹುಬ್ಬಳ್ಳಿಯ ಒಬ್ಬ ಸೀನಿಯರ್, ನಾನು ಅಣ್ಣ ಅಂತಲೇ ಕರೆಯೋದು. ಮೊದಲು ಹೋದದ್ದು ಒಂದು ಸೆಕೆಂಡ್‌ಹ್ಯಾಂಡ್ ಕಾರುಗಳ ಅಂಗಡಿಗೆ. ಕೆಂಪು ಬಣ್ಣದ ಕಾರು, ಹೀರೋ ಎಂಟ್ರಿಗೆ ನಿಲ್ಲಿಸಿದ ಹಾಗೆ ಫಳಫಳ! ನಾನು ಸೀಟಿನಲ್ಲಿ ಕೂತೇ ಬಿಟ್ಟೆ. ಕೀ ತಿರುಗಿಸಿದರೆ ಒಂದೇ ಏಟಿಗೆ ಸ್ಟಾರ್ಟ್! ಅಣ್ಣ ಕೈಗವಸು ತೆಗೆದು ಬಾನೆಟ್ ಮೇಲೆ ಕೈ ಇಟ್ಟರು.

‘ತಮ್ಮಾ, ಇಳಿ ಕೆಳಗ. ಬೆಚ್ಚಗ ಐತಿ. ನಾವು ಬರೂದಕ್ಕಿಂತ ಮೊದಲ ಚಾಲೂ ಮಾಡಿ ಇಟ್ಟಾರ.’

ಆಮೇಲೆ ಜೇಬಿನಿಂದ ಒಂದು ಅಯಸ್ಕಾಂತ ತೆಗೆದು ಬಾಗಿಲ ಕೆಳಗಿನ ಅಂಚಿಗೆ ಹಿಡಿದರು. ಅಂಟಲಿಲ್ಲ, ಜಾರಿ ಬಿತ್ತು! ಅಂದರೆ ಅಲ್ಲಿ ತಗಡೇ ಇಲ್ಲ, ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದಾರೆ. ಈ ಸೀಮೆಯಲ್ಲಿ ಕಾರಿಗೆ ದೊಡ್ಡ ಶತ್ರು ಚಳಿಯಲ್ಲ, ಉಪ್ಪು. ಹಿಮ ಕರಗಲಿ ಅಂತ ರಸ್ತೆಗೆ ಉಪ್ಪು ಸುರಿಯುತ್ತಾರೆ. ಅದು ಚಕ್ರದ ಗೂಡು, ಬಾಗಿಲಡಿ, ಬ್ರೇಕ್ ಪೈಪು ಎಲ್ಲ ಕಡೆ ಕೂತು ಒಳಗಿಂದಲೇ ತಿನ್ನುತ್ತೆ. ಮೇಲೆ ಮೇಕಪ್, ಒಳಗೆ ತುಕ್ಕು. ನಾವು ಮುಖ ತಿರುಗಿಸಿದ್ದು ಕಂಡು ಮಾರುವವ, ತುಕ್ಕು ತಡೆಯುವ ಲೇಪ ಹಾಕಿಸಿಕೊಡ್ತೀನಿ, ಸ್ವಲ್ಪ ಹೆಚ್ಚಿಗೆ ಕೊಡಿ ಅಂದ. ನನಗೆ ನಗು ತಡೆಯಲಾಗಲಿಲ್ಲ. ‘ಫಾರ್ಗೋ’ ಚಿತ್ರ ನೋಡಿದವರಿಗೆ ಗೊತ್ತು, ಅದರಲ್ಲೂ ಕಾರು ಮಾರುವ ಮ್ಯಾನೇಜರ್ ಬೇಡ ಬೇಡ ಅಂದರೂ ಇದೇ ಲೇಪವನ್ನು ಗಿರಾಕಿಯ ತಲೆಗೆ ಕಟ್ಟುತ್ತಾನೆ! ಆ ರಾಜ್ಯದಲ್ಲಿ ನಮ್ಮ ಎಫ್‌.ಸಿ. ಥರ ಹಳೇ ಕಾರುಗಳಿಗೆ ಕಡ್ಡಾಯ ತಪಾಸಣೆ ಇಲ್ಲ. ಗಾಜಿಗೆ ಅಂಟಿಸಿದ ಚೀಟಿಯಲ್ಲಿ ‘ಇದ್ದ ಹಾಗೇ’ ಅಂತ ಗುರುತು ಹಾಕಿ ಕೊಟ್ಟರೆ ಮುಗೀತು, ಆಮೇಲೆ ಬಂದ ಖರ್ಚು ಕೊಂಡವನದು.

ಎರಡನೇ ಕಾರು ಊರಾಚೆ, ಸಕ್ಕರೆ ಬೀಟ್ ಬೆಳೆಯುವ ಒಂದು ತೋಟದ ಮನೆಯದು. 2001ರ ಬ್ಯೂಯಿಕ್ ಲೆಸಾಬರ್. ಅಜ್ಜಂದಿರ ಕಾರು ಅಂತ ಹುಡುಗರು ಗೇಲಿ ಮಾಡುವ ಉದ್ದನೆಯ ಗಾಡಿ. ಗ್ರಿಲ್‌ನಿಂದ ನಾಲಿಗೆ ಚಾಚಿದ ಹಾಗೆ ಒಂದು ವೈರು, ತುದಿಗೆ ಪ್ಲಗ್ಗು. ಪೆಟ್ರೋಲ್ ಕಾರಿಗೆ ಕರೆಂಟೇ? ಹೌದು! ರಾತ್ರಿ ಪ್ಲಗ್ ಚುಚ್ಚಿಟ್ಟರೆ ಎಂಜಿನ್ ಬೆಚ್ಚಗಿರುತ್ತೆ. 1940ರ ದಶಕದಲ್ಲಿ ಇದನ್ನು ಮಾಡಿದವರು ಅದೇ ರಾಜ್ಯದ ಗ್ರ್ಯಾಂಡ್ ಫೋರ್ಕ್ಸ್ ಊರಿನ ಆಂಡ್ರ್ಯೂ ಫ್ರೀಮನ್. ಮೈನಸ್ 18ಕ್ಕೆ ಇಳಿದರೆ ಬ್ಯಾಟರಿಯ ಶಕ್ತಿ ಹೆಚ್ಚು ಕಮ್ಮಿ ಅರ್ಧಕ್ಕೆ ಬರುತ್ತೆ, ಎಂಜಿನ್ ಆಯಿಲ್ ಜೋನಿಬೆಲ್ಲದ ಹಾಗಾಗುತ್ತೆ. ಶಕ್ತಿ ಕಮ್ಮಿ, ತಿರುಗಿಸಬೇಕಾದ ಭಾರ ಜಾಸ್ತಿ. ಕಾರು ಏಳೋದಾದರೂ ಹೇಗೆ?

ಮಾರುತ್ತಿದ್ದಾಕೆ ಎಪ್ಪತ್ತು ದಾಟಿದ ಅಜ್ಜಿ. ಗಂಡ ತೀರಿಕೊಂಡಿದ್ದರು. ‘ನಾಳೆ ಬೆಳಗ್ಗೆ ಏಳಕ್ಕೆ ಬನ್ನಿ, ರಾತ್ರಿ ಪ್ಲಗ್ ಹಾಕೋದಿಲ್ಲ’ ಅಂತ ಅವರೇ ಹೇಳಿದರು! ಅಪ್ಪನೇ ಬಂದು ಅವರ ಕಿವಿಯಲ್ಲಿ ಹೇಳಿದ ಹಾಗಿತ್ತು. ಬೆಳಗ್ಗೆ ಮೈನಸ್ 23. ಕೀ ತಿರುಗಿಸಿದೆ. ಕಾರು ಗೊಣಗಿತು, ಮುದುಕನ ಹಾಗೆ ಕೆಮ್ಮಿತು, ನಡುಗಿತು... ಎದ್ದೇ ಬಿಟ್ಟಿತು! ಅಣ್ಣ ಹಿಮದ ಮೇಲೆ ಮಲಗಿ ತಳ ನೋಡಿದರು. ತುಕ್ಕು ಇತ್ತು, ತೂತು ಇರಲಿಲ್ಲ. ರೇಡಿಯೇಟರ್ ನೀರಿಗೆ ಅರ್ಧಕ್ಕರ್ಧ ಆಂಟಿಫ್ರೀಜ್ ಬೆರೆಸಿತ್ತು, ಅದು ಮೈನಸ್ 37ರ ತನಕ ತಡೆಯುತ್ತೆ. 3,400 ಕೇಳಿದ್ದವರು 2,900ಕ್ಕೆ ಒಪ್ಪಿದರು. ಉಳಿದದ್ದು ಇನ್ಶೂರೆನ್ಸಿಗೆ ಸರಿಹೋಯಿತು.

ಕಾಗದಕ್ಕೆ ಸಹಿ ಹಾಕಿ ಅಜ್ಜಿ ಡಿಕ್ಕಿ ತೋರಿಸಿದರು. ಒಂದು ಸಲಿಕೆ, ಒಂದು ಕಂಬಳಿ, ಒಂದು ಮೂಟೆ ಬೆಕ್ಕಿನ ಕಕ್ಕಸಿನ ಮರಳು (ಚಕ್ರ ಜಾರಿದರೆ ಕೆಳಗೆ ಸುರಿಯೋದಕ್ಕೆ!), ಒಂದು ಕಾಫಿ ಡಬ್ಬಿ. ಡಬ್ಬಿಯೊಳಗೆ ದಪ್ಪ ಮೇಣದಬತ್ತಿ, ಬೆಂಕಿಪೊಟ್ಟಣ, ಚಾಕೊಲೇಟು, ಕೆಂಪು ಬಟ್ಟೆ ತುಂಡು. ‘ಇದನ್ನು ತೆಗೀಬೇಡ ಮಗು’ ಅಂದರು. ದಾರಿಯಲ್ಲಿ ನಾನೂ ಅಣ್ಣನೂ ಆ ಬೆಕ್ಕಿನ ಮರಳಿಗೆ ಬಿದ್ದುಬಿದ್ದು ನಕ್ಕೆವು.

ಮುಂದಿನ ತಿಂಗಳು ಮಿನಿಯಾಪೊಲಿಸ್‌ಗೆ ಹೋಗಿದ್ದೆವು, ಕನ್ನಡದವರೊಬ್ಬರ ಮನೆಗೆ. ಬಿಸಿಬೇಳೆಭಾತ್, ಟಿ.ವಿ.ಯಲ್ಲಿ ಅಣ್ಣಾವ್ರ ಸಿನಿಮಾ. ವಾಪಸು 375 ಕಿಲೋಮೀಟರ್. ಸಂಜೆ ಬಾರ್ನ್ಸ್‌ವಿಲ್ ಹತ್ತಿರ ಗಾಳಿ ಎದ್ದಿತು. ಮೇಲಿನಿಂದ ಹಿಮ ಬೀಳ್ತಾ ಇಲ್ಲ, ನೆಲದ ಮೇಲಿದ್ದ ಹಿಮವೇ ಎದ್ದು ಅಡ್ಡಡ್ಡ ಹಾರುತ್ತೆ. ಆಕಾಶ ಯಾವುದು, ರಸ್ತೆ ಯಾವುದು ಗೊತ್ತಾಗೋದಿಲ್ಲ. ಮುಂದೆಲ್ಲೋ ಒಂದು ಲಾರಿ ಅಡ್ಡ ಬಿದ್ದಿತ್ತು. ನಿಂತೆವು. ನಿಂತದ್ದು ಐದು ಗಂಟೆ!

ಇಳಿದು ನಡೆದರೆ ಹೆಣವೇ. ಕಾರಲ್ಲೇ ಕೂರಬೇಕು. ಎಂಜಿನ್ ಓಡಿಸುತ್ತಲೇ ಇರುವ ಹಾಗೂ ಇಲ್ಲ. ಸೈಲೆನ್ಸರ್ ಬಾಯಿಗೆ ಹಿಮ ತುಂಬಿಕೊಂಡರೆ ವಿಷದ ಗಾಳಿ ಒಳಗೆ ಬರುತ್ತೆ, ವಾಸನೆ ಇಲ್ಲ, ನಿದ್ದೆಯಲ್ಲೇ ಮುಗಿಸಿಬಿಡುತ್ತೆ. ಗಂಟೆಗೊಮ್ಮೆ ಒಬ್ಬರು ಕಾರು ಹಿಡಿದುಕೊಂಡೇ ಹಿಂದೆ ಹೋಗಿ ಸಲಿಕೆಯಲ್ಲಿ ಬಾಯಿ ಬಿಡಿಸೋದು, ಹತ್ತು ನಿಮಿಷ ಎಂಜಿನ್ ಹಾಕೋದು, ಆರಿಸೋದು. ಮಿಕ್ಕ ಹೊತ್ತಿಗೆಲ್ಲ ಡಬ್ಬಿಯಲ್ಲಿ ಮೇಣದಬತ್ತಿ, ಕಿಟಕಿ ಕೂದಲೆಳೆಯಷ್ಟು ಕೆಳಗೆ. ನಂಬಿ, ಅಷ್ಟು ಸಣ್ಣ ದೀಪಕ್ಕೆ ಬೆರಳು ಮಡಿಸುವಷ್ಟು ಬೆಚ್ಚಗಾಗುತ್ತೆ! ಕೆಂಪು ಬಟ್ಟೆ ಕನ್ನಡಿಗೆ ಕಟ್ಟಿದೆವು.

ನಿದ್ದೆ ಬರಬಾರದು ಅಂತ ಅಣ್ಣ ಶಂಕರ್‌ನಾಗ್ ಸಿನಿಮಾ ಕಥೆ ಶುರುಮಾಡಿದರು. ‘ಆಟೋ ರಾಜ’ ಆಯಿತು, ‘ಗೀತಾ’ ಆಯಿತು. ನಾನು ‘ಆಕ್ಸಿಡೆಂಟ್’ ಅಂದೆ. ‘ಬ್ಯಾಡಲೇ, ಅದು ಈಗ ಬ್ಯಾಡ’ ಅಂದರು. ಇಬ್ಬರೂ ಸುಮ್ಮನಾದೆವು. 1990ರ ಸೆಪ್ಟೆಂಬರ್ 30ರಂದು ಶಂಕರ್‌ನಾಗ್ ಕಾರು ಅಪಘಾತವಾದದ್ದು ನಮ್ಮೂರ ಪಕ್ಕದ ಆನಗೋಡಿನಲ್ಲಿ. ಆ ಜಾಗ ದಾಟುವಾಗಲೆಲ್ಲ ಅಪ್ಪ ಗಾಡಿ ನಿಧಾನ ಮಾಡುತ್ತಿದ್ದರು.

ರಾತ್ರಿ ಹನ್ನೊಂದೂವರೆಗೆ ಹಿಮ ತಳ್ಳುವ ಗಾಡಿ ಬಂತು, ಅದರ ಹಿಂದೆ ಹಿಂದೆಯೇ ಊರು ಸೇರಿದೆವು. ಮಾರನೇ ದಿನ ಮೊದಲು ಮಾಡಿದ ಕೆಲಸ ಹೊಸ ಮೇಣದಬತ್ತಿ ತಂದದ್ದು. ಅಜ್ಜಿಗೆ ಫೋನ್ ಮಾಡಿದೆ. ‘ಕಾರು ಎದ್ದಿತಾ?’ ಅಂತ ಅವರು ಕೇಳಿದರು, ಅಷ್ಟೇ.

2016ರಲ್ಲಿ ಓದು ಮುಗಿಸಿ ಆ ಊರು ಬಿಡುವಾಗ ಕಾರನ್ನು ಮಂಡ್ಯದ ಒಬ್ಬ ಹೊಸ ಹುಡುಗನಿಗೆ 1,800 ಡಾಲರಿಗೆ ಕೊಟ್ಟೆ. ಬೆಳಗ್ಗೆ ಏಳಕ್ಕೆ ಬರೋಕೆ ಹೇಳಿದ್ದೆ, ಹಿಂದಿನ ರಾತ್ರಿ ಪ್ಲಗ್ ಹಾಕಿರಲಿಲ್ಲ. ಡಿಕ್ಕಿ ತೆಗೆದು ತೋರಿಸಿದೆ. ‘ಅಣ್ಣಾ, ಬೆಕ್ಕು ಸಾಕಿದ್ರಾ?’ ಅಂತ ಕೇಳಿದ.