ಗೆರೆಯ ಕೆಳಗಿನ ಅಂಕೆ

ಈ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದು ಕೊಡಬೇಕೆಂದು ಮುಖ್ಯೋಪಾಧ್ಯಾಯಿನಿಯವರು ಅಪ್ಪಣೆ ಮಾಡಿದಾಗ, ಶಾಲೆಯನ್ನು ಬಿಟ್ಟು ಎಷ್ಟೋ ವರ್ಷಗಳಾದ ನನ್ನಂಥವಳು ಬರೆಯತಕ್ಕುದೇನಿದೆ ಎಂದು ಮೊದಲು ಹಿಂಜರಿದೆನು. ಆದರೆ 2025ರಲ್ಲಿ ನಡೆದ ಒಂದು ಸಂಗತಿಯು ನನ್ನನ್ನು ಮತ್ತೆ ಈ ಶಾಲೆಯ ಗಣಿತದ ತರಗತಿಗೆ ಕರೆದೊಯ್ದು ಹಿಂದಿನ ಬೆಂಚಿನ ಮೇಲೆ ಕುಳ್ಳಿರಿಸಿತು. ಅದನ್ನೇ ಪೂರ್ವ ವಿದ್ಯಾರ್ಥಿನಿಯರಾದ ಸೋದರಿಯರಲ್ಲಿಯೂ ಪೋಷಕರಲ್ಲಿಯೂ ಅರಿಕೆ ಮಾಡಿಕೊಳ್ಳುತ್ತೇನೆ.

ನಮಗೆ ಭಿನ್ನರಾಶಿಯನ್ನು ಕಲಿಸಿದ ಉಪಾಧ್ಯಾಯಿನಿಯವರಿಗೆ ಒಂದು ಅಭ್ಯಾಸವಿದ್ದಿತು. ಹಲಗೆಯ ಮೇಲೆ ಗೆರೆಯನ್ನೆಳೆದ ಕೂಡಲೆ ಅವರು ಮೇಲಿನ ಅಂಕೆಯನ್ನು ಬರೆಯದೆ, ಕೆಳಗಿನ ಅಂಕೆಯನ್ನೇ ಮೊದಲು ಬರೆಯುತ್ತಿದ್ದರು. “ಎಷ್ಟರಲ್ಲಿ ಎಂಬುದನ್ನು ಮೊದಲು ಕೇಳಿರಿ, ಎಷ್ಟು ಎಂಬುದು ಆ ಮೇಲೆ” ಎಂದು ಹೇಳುವರು. ಆಗ ಅದು ನಮಗೆ ಒಂದು ವಿನೋದವಾಗಿ ಕಂಡಿತೇ ಹೊರತು ಪಾಠವೆಂದು ತೋರಲಿಲ್ಲ.

ಉದ್ಯೋಗದಿಂದ ನಿವೃತ್ತಳಾದ ತರುವಾಯ ನಾನು ಒಂದು ಸಣ್ಣ ಸೇವಾಸಂಸ್ಥೆಯ ಕಾರ್ಯಸಮಿತಿಗೆ ಸೇರಿದೆನು. ಯಾದಗಿರಿ ಜಿಲ್ಲೆಯ ಕೆಲವು ಹಳ್ಳಿಗಳಲ್ಲಿ ಹೈಸ್ಕೂಲಿನ ಬಾಲಿಕೆಯರಿಗಾಗಿ ಸಂಜೆಯ ಪಾಠಕೇಂದ್ರಗಳನ್ನು ನಡೆಯಿಸುವುದು ಆ ಸಂಸ್ಥೆಯ ಕೆಲಸ. 2009ರ ಶಿಕ್ಷಣದ ಹಕ್ಕಿನ ಕಾನೂನು 6ರಿಂದ 14 ವರ್ಷದ ಮಕ್ಕಳಿಗೆ ಸಂಬಂಧಿಸಿದ್ದು. ಎಂಟನೆಯ ತರಗತಿ ಮುಗಿಯುತ್ತಲೇ ಅದರ ನೆರಳು ತಪ್ಪಿಹೋಗುತ್ತದೆ. ಬಡವರ ಮನೆಯ ಹೆಣ್ಣುಮಕ್ಕಳು ಓದನ್ನು ನಿಲ್ಲಿಸುವುದೂ ಬಹುಮಟ್ಟಿಗೆ ಅಲ್ಲಿಂದಲೇ. ಅವರನ್ನು ಹತ್ತನೆಯ ತರಗತಿಯ ದಡ ಮುಟ್ಟಿಸಬೇಕೆಂಬುದೇ ನಮ್ಮ ಉದ್ದೇಶವಾಗಿತ್ತು.

ಇಂಥ ಕೆಲಸಕ್ಕೆ ಹಣವನ್ನು ಕೊಡುವವರು ಒಂದು ‘ಫಲಿತಾಂಶ ಚೌಕಟ್ಟನ್ನು’ ಕೇಳುವುದುಂಟು. 1969ರಲ್ಲಿ ಅಮೆರಿಕದ ಸರಕಾರದ ಅಭಿವೃದ್ಧಿ ಸಂಸ್ಥೆಗಾಗಿ ಸಿದ್ಧವಾದ ‘ಲಾಗ್ ಫ್ರೇಮ್’ ಎಂಬ ಪಟ್ಟಿಯು ಈ ಪದ್ಧತಿಯ ಹಿರಿಯಕ್ಕನೆಂದು ಹೇಳಬಹುದು. ಏನನ್ನು ಹೂಡಿದೆವು, ಏನು ಮಾಡಿದೆವು, ಅದರಿಂದ ಕೈಗೆ ಬಂದುದೇನು, ಜನರ ಬಾಳಿನಲ್ಲಿ ಆದ ಬದಲಾವಣೆಯೇನು, ಅದನ್ನು ಯಾವ ಗುರುತಿನಿಂದ ಅಳೆಯುವೆವು, ಯಾವುದನ್ನು ನಂಬಿ ಹೊರಟಿದ್ದೇವೆ ಎಂಬುದನ್ನೆಲ್ಲ ಅದರಲ್ಲಿ ಸಾಲುಸಾಲಾಗಿ ಬರೆಯಬೇಕು. ಒಕ್ಕಲು ಮಕ್ಕಳಿಗೆ ಇದು ತಿಳಿಯದ ವಿದ್ಯೆಯಲ್ಲ. ಬೀಜ ಬೇರೆ, ಉಳುಮೆ ಬೇರೆ, ಪೈರು ಬೇರೆ, ಕಣಜ ತುಂಬುವುದು ಬೇರೆ. ಹಾಗಿದ್ದರೂ ಬಿತ್ತಿದ ಎಕರೆಯ ಲೆಕ್ಕವನ್ನು ಹೇಳಿ, ಕಣಜದ ಮಾತನ್ನೆತ್ತದೆ ಎದ್ದುಹೋಗುವ ಒಕ್ಕಲಿಗನಂತೆ ನಮ್ಮ ಚೌಕಟ್ಟು ಇದ್ದಿತು. ಇದನ್ನು ಬರೆದವಳು ನಾನೇ ಆದುದರಿಂದ ಇತರರನ್ನು ದೂರುವಂತಿಲ್ಲ.

ನಮ್ಮ ಸಹಾಯಧನದ ಅವಧಿಯು 2025ರಲ್ಲಿ ಮುಗಿಯುವುದರಲ್ಲಿತ್ತು. ಮುಂದಿನ ಮೂರು ವರ್ಷಗಳಿಗೆ ಅರ್ಜಿಯನ್ನು ಕಳುಹಿಸಬೇಕಾಗಿತ್ತು. ನಮ್ಮ ಚೌಕಟ್ಟಿನ ಹೆಮ್ಮೆಯ ಸಾಲೆಂದರೆ, ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಶೇಕಡಾ 93 ಮಂದಿ ತೇರ್ಗಡೆಯಾದರೆಂಬುದು. ಪರಿಶೀಲನೆಗೆ ತಜ್ಞರನ್ನು ಕರೆಯಿಸುವಷ್ಟು ಹಣ ನಮ್ಮಲ್ಲಿರಲಿಲ್ಲ. ಸಮಿತಿಯ ಕಿರಿಯ ಸದಸ್ಯೆಯೊಬ್ಬಳು, ಕೃತಕ ಬುದ್ಧಿಮತ್ತೆಯ ಯಂತ್ರವೊಂದಕ್ಕೆ ಅದನ್ನು ತೋರಿಸೋಣವೆಂದಳು. 2022ರ ನವೆಂಬರಿನಲ್ಲಿ ಚಾಟ್ ಜಿಪಿಟಿ ಎಂಬುದು ಬಳಕೆಗೆ ಬಂದ ಮೇಲೆ ಇಂಥವು ಹಲವು ಹುಟ್ಟಿಕೊಂಡಿವೆಯಷ್ಟೆ. ಅವುಗಳಲ್ಲಿ ಒಂದನ್ನು ನಾವು ಆರಿಸಿಕೊಂಡೆವು. ಬಾಲಿಕೆಯರ ಹೆಸರು, ಊರು, ತಂದೆತಾಯಿಗಳ ವಿವರ ಇವೆಲ್ಲವನ್ನೂ ಮೊದಲು ತೆಗೆದುಹಾಕಿದೆವು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶದ ಕಾನೂನು 18 ವರ್ಷ ತುಂಬದವರೆಲ್ಲರನ್ನೂ ಮಕ್ಕಳೆಂದೇ ಎಣಿಸುತ್ತದೆ. ಕಾನೂನು ಇಲ್ಲದಿದ್ದರೂ, ಒಬ್ಬರ ಮನೆಯ ಮಗುವಿನ ವಿಷಯವನ್ನು ಕಾಣದ ಕಡೆಗೆ ಕಳುಹಿಸುವುದು ಉಚಿತವಲ್ಲವೆಂದು ನಮಗೆ ತೋರಿತು.

“ಹೊಗಳಬೇಡ, ಈ ಚೌಕಟ್ಟಿನಲ್ಲಿ ಎಲ್ಲೆಲ್ಲಿ ಎಳೆ ಕಡಿದಿದೆಯೋ ಅದನ್ನು ಮಾತ್ರ ತೋರಿಸು” ಎಂದು ನಾವು ಅದಕ್ಕೆ ಬರೆದೆವು. ಉತ್ತರವು ಒಂದು ನಿಮಿಷದೊಳಗಾಗಿ ಬಂದಿತು. ಪಾಠಗಳ ಸಂಖ್ಯೆ, ಹಂಚಿದ ಪುಸ್ತಕಗಳ ಸಂಖ್ಯೆ ಇವೆಲ್ಲ ನಾವು ಮಾಡಿದ ಕೆಲಸವೇ ಹೊರತು ಫಲವಲ್ಲವೆಂದು ಅದು ಹೇಳಿತು. ‘ಬಾಲಿಕೆಯರಲ್ಲಿ ಧೈರ್ಯ ಹೆಚ್ಚುವುದು’ ಎಂಬ ಸಾಲಿಗೆ ಅಳತೆಗೋಲೇ ಇಲ್ಲವೆಂದಿತು. ಕೊನೆಗೆ ಕೇಳಿದ ಪ್ರಶ್ನೆ ಇದು: ಶೇಕಡಾ 93 ಎಂಬುದು 28 ಮಂದಿಯಲ್ಲಿ 26 ಮಂದಿ, ಆದರೆ ಮೊದಲ ವರ್ಷ ಸೇರಿದವರು 40 ಎಂದು ಬರೆದಿದೆ. ಉಳಿದ 12 ಮಂದಿಯ ವಿಷಯ ಚೌಕಟ್ಟಿನ ಯಾವ ಸಾಲಿನಲ್ಲಿದೆ?

ಯಾವ ಸಾಲಿನಲ್ಲಿಯೂ ಇರಲಿಲ್ಲ. 40 ಮಂದಿಯಲ್ಲಿ 26 ಎಂದರೆ ಶೇಕಡಾ 65. ನಾನು ಗೆರೆಯ ಮೇಲಿನ ಅಂಕೆಯನ್ನು ಮೂರು ವರ್ಷ ಮುದ್ದಾಡಿ, ಕೆಳಗಿನ ಅಂಕೆಯನ್ನು ಸದ್ದಿಲ್ಲದೆ ಬದಲಾಯಿಸಿದ್ದೆನು. ಮೋಸ ಮಾಡಬೇಕೆಂಬ ಬುದ್ಧಿಯಿಂದಲ್ಲ. ಬಾರದೆ ಹೋದವರ ಹೆಸರಿಗೆ ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ ಬೀಳುತ್ತಿದ್ದಿತು, ಕೆಂಪು ಗೆರೆ ಬಿದ್ದವರು ನಮ್ಮ ಲೆಕ್ಕದಿಂದ ತಾವಾಗಿಯೇ ಇಳಿದುಹೋಗುತ್ತಿದ್ದರು.

ಯಂತ್ರವು ಎಲ್ಲವನ್ನೂ ಬಲ್ಲುದೆಂದು ಇದರಿಂದ ಯಾರೂ ಭಾವಿಸಬಾರದು. ಲೆಕ್ಕವಿಲ್ಲದಷ್ಟು ಬರೆಹವನ್ನು ಓದಿ, ಯಾವ ಮಾತಿನ ಹಿಂದೆ ಯಾವ ಮಾತು ಬರುವುದು ಸಹಜವೆಂಬುದನ್ನು ಅದು ಕಲಿತಿದೆ. ಹಾಗೆ ಬಂದ ಮಾತು ನಿಜವೋ ಅಲ್ಲವೋ ಎಂಬ ಹೊಣೆ ಅದಕ್ಕಿಲ್ಲ. ಅದೇ ಉತ್ತರದ ಕೆಳಗೆ, ನಮ್ಮ ಜಿಲ್ಲೆಯ ಬಾಲ್ಯವಿವಾಹದ ಪ್ರಮಾಣವೆಂದು ಒಂದು ಅಂಕೆಯನ್ನೂ, ಆಧಾರವಾಗಿ ಒಂದು ವರದಿಯ ಹೆಸರನ್ನೂ ಬಹು ಗಂಭೀರವಾಗಿ ಕೊಟ್ಟಿತು. ಎಷ್ಟು ಹುಡುಕಿದರೂ ಅಂಥ ವರದಿಯು ದೊರೆಯಲಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಇಡೀ ದೇಶದ 20ರಿಂದ 24 ವರ್ಷದ ಸ್ತ್ರೀಯರ ಪೈಕಿ ಶೇಕಡಾ 23.3 ಮಂದಿಗೆ 18 ತುಂಬುವ ಮುಂಚೆಯೇ ಮದುವೆಯಾಗಿತ್ತೆಂದಿದೆ. ಆ ಅಂಕೆಯನ್ನೇ, ದೇಶದ್ದೆಂದು ಸ್ಪಷ್ಟವಾಗಿ ಹೇಳಿ, ಬರೆದುಕೊಂಡೆವು. ಧೈರ್ಯದ ಸಾಲನ್ನು ಕೈಬಿಡಿರೆಂಬ ಅದರ ಸಲಹೆಯನ್ನೂ ನಾವು ಒಪ್ಪಲಿಲ್ಲ. ಅದರ ಬದಲು ‘ಬಾಲಿಕೆಯು ತಾನೊಬ್ಬಳೇ ಅಂಚೆ ಕಚೇರಿಗೋ ಬ್ಯಾಂಕಿಗೋ ಹೋಗಿ, ತನ್ನ ಅರ್ಜಿಯನ್ನು ತಾನೇ ತುಂಬಿ ಬರುವಳೆ?’ ಎಂದು ತಿದ್ದಿದೆವು. ಅದನ್ನು ಯಾರು ಬೇಕಾದರೂ ಕಣ್ಣಾರೆ ನೋಡಬಹುದು.

ಆದರೆ ಆ 12 ಮಂದಿ ಎಲ್ಲಿರುವರೆಂಬುದನ್ನು ಯಾವ ಯಂತ್ರವೂ ಹೇಳಲಾರದು. ಕೇಂದ್ರದ ಶಿಕ್ಷಕಿಯೊಡನೆ ನಾನು ಮನೆಮನೆಗೆ ನಡೆದೆನು. ಐವರ ಮನೆಗಳಿಗೆ ಬೀಗ ಬಿದ್ದಿತ್ತು. ಸಂಸಾರಗಳು ಕಟ್ಟಡದ ಕೂಲಿಗೆ ಬೆಂಗಳೂರಿಗೆ ಹೋಗಿದ್ದುವು. ಇಬ್ಬರು ಹತ್ತಿಯ ಹೊಲಕ್ಕೂ ತಮ್ಮತಂಗಿಯರ ಆರೈಕೆಗೂ ನಿಂತಿದ್ದರು. ಒಬ್ಬಳು, ನಮಗೆ ತಿಳಿಯದೆಯೇ, ತಾಲ್ಲೂಕು ಕೇಂದ್ರದ ವಿದ್ಯಾರ್ಥಿನಿಲಯಕ್ಕೆ ಸೇರಿ ಅಲ್ಲಿಂದಲೇ ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದಳು. ನಾಲ್ವರಿಗೆ ಮದುವೆಯಾಗಿತ್ತು. ಆ ನಾಲ್ವರಲ್ಲಿ ಯಾರಿಗೂ ಕಾನೂನು ವಿಧಿಸಿದ 18 ವರ್ಷ ತುಂಬಿರಲಿಲ್ಲ. ಮಕ್ಕಳ ರಕ್ಷಣೆಯ ಅಧಿಕಾರಿಗಳಿಗೆ ಆ ವಿಷಯವನ್ನು ತಿಳಿಸಬೇಕಾಯಿತು. ಅವರಲ್ಲೊಬ್ಬಳ ತಾಯಿಯು ನಮಗೆ ನೀರು ಕೊಟ್ಟು, “ಆಗ ನೀವು ಯಾರೂ ಬರಲಿಲ್ಲವಲ್ಲ, ಅಮ್ಮ” ಎಂದಳು. ಅದರಲ್ಲಿ ದೂರಿನ ಧ್ವನಿಯಿರಲಿಲ್ಲ. ಆದುದರಿಂದಲೇ ಆ ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಕೆಂಪು ಗೆರೆ ಬಿದ್ದ ವಾರವೇ ನಾವು ಹೋಗಿದ್ದರೆ ಏನಾಗುತ್ತಿತ್ತೋ ಹೇಳಲಾರೆ, ಹೋಗಲಿಲ್ಲವೆಂಬುದಂತೂ ನಿಜ.

ಸಮಿತಿಯಲ್ಲಿ ಚರ್ಚೆಯು ದೀರ್ಘವಾಗಿ ನಡೆಯಿತು. ಶೇಕಡಾ 93ನ್ನು ಕಂಡು ಕೊಟ್ಟವರು ಇದನ್ನು ಕಂಡರೆ ಕೈಹಿಂತೆಗೆಯುವರು, ಆಗ ಈಗಿರುವ ಮಕ್ಕಳಿಗೂ ಕೇಂದ್ರವಿಲ್ಲದಂತಾಗುವುದು ಎಂದು ಕೆಲವರು ಹೇಳಿದರು. ಆ ಭಯವು ಅಲ್ಪವಾದುದಲ್ಲ. ಆದರೂ ಕಡೆಗೆ “40ರಲ್ಲಿ 27” ಎಂದೇ ಬರೆದು, 13 ಮಂದಿಯ ಕಥೆಯನ್ನು ಹೆಸರಿಲ್ಲದೆ ಸೇರಿಸಿ ಕಳುಹಿಸಿದೆವು. ಹಣ ಕೊಡುವವರು ನಾವು ಕೇಳಿದ ಮೂರು ವರ್ಷಗಳ ಬದಲು ಒಂದು ವರ್ಷಕ್ಕೆ ಮಾತ್ರ ಒಪ್ಪಿದರು. ಎರಡು ಕೇಂದ್ರಗಳನ್ನು ಒಂದಾಗಿ ಕೂಡಿಸಬೇಕಾಯಿತು. ಅದಕ್ಕಾಗಿ ನೊಂದುಕೊಂಡವರ ಮುಂದೆ ನನ್ನಲ್ಲಿ ಸಿದ್ಧವಾದ ಉತ್ತರವಿರಲಿಲ್ಲ.

ಹೊಸ ಚೌಕಟ್ಟಿನಲ್ಲಿ ಒಂದು ಸಾಲು ಹೆಚ್ಚಾಗಿದೆ: ಮೂರು ದಿನ ಎಡೆಬಿಡದೆ ಬಾರದ ಬಾಲಿಕೆಯ ಮನೆಗೆ ನಾಲ್ಕನೆಯ ದಿನ ಹೋಗತಕ್ಕದ್ದು, ಹೋದ ದಿನವನ್ನೂ ಕಂಡ ಕಾರಣವನ್ನೂ ಬರೆಯತಕ್ಕದ್ದು. ಹಾಜರಿ ಪುಸ್ತಕದಲ್ಲಿ ಯಾರ ಹೆಸರಿಗೂ ಕೆಂಪು ಗೆರೆಯನ್ನು ಎಳೆಯಕೂಡದು. ಹತ್ತಿಯ ಹೊಲಕ್ಕೆ ಹೋಗುತ್ತಿದ್ದ ಇಬ್ಬರಲ್ಲಿ ಒಬ್ಬಳು ಮರಳಿ ಬಂದಿರುವಳು.

ನಮ್ಮ ಶಾಲೆಯಿಂದ ಹೊರಟ ಅನೇಕರು ಈಗ ಇಂಥ ಸಮಿತಿಗಳಲ್ಲಿ ಇದ್ದೀರಿ. ಹೊಸ ಯಂತ್ರಗಳಿಗೆ ನಿಮ್ಮ ಕಾಗದಗಳನ್ನು ತೋರಿಸಲು ಹೆದರಬೇಡಿರಿ. ನಮ್ಮ ಮೇಲಿನ ದಾಕ್ಷಿಣ್ಯದಿಂದ ಸ್ನೇಹಿತರು ಕೇಳದ ಪ್ರಶ್ನೆಯನ್ನು ಅವು ಕೇಳಬಲ್ಲುವು. ಅವು ಕೊಟ್ಟ ಅಂಕೆಯನ್ನು ಮಾತ್ರ ಮೂಲದಲ್ಲಿ ನೋಡದೆ ನಂಬಬೇಡಿರಿ. ಪ್ರಶ್ನೆಗೆ ಉತ್ತರವನ್ನು ತರುವುದಕ್ಕೆ ಚಪ್ಪಲಿ ಮೆಟ್ಟಿ ಹೊರಡಬೇಕಾದವರು ನಾವೇ. ಆ ಗಣಿತದ ಉಪಾಧ್ಯಾಯಿನಿಯವರು ಈಗ ಇಲ್ಲ; ಇದ್ದಿದ್ದರೆ ಹಳೆಯ ಪಾಠವನ್ನು ಇಷ್ಟು ತಡವಾಗಿ ಒಪ್ಪಿಸುತ್ತಿರುವುದಕ್ಕೆ ಕ್ಷಮೆ ಬೇಡುತ್ತಿದ್ದೆನು.