ಅಂಬೆಗಾಲಿನ ಸಾಹಸಿಗಳು

ತೊಂಬತ್ತರ ದಶಕದಲ್ಲಿ ನ್ಯೂಜೆರ್ಸಿಯ ನಮ್ಮ ಮನೆಯಲ್ಲಿ ಸಂಜೆ ಎಂದರೆ ನಿಕಲೋಡಿಯನ್, ನಿಕಲೋಡಿಯನ್ ಎಂದರೆ ‘ರಗ್‌ರ್ಯಾಟ್ಸ್’. ಅಕ್ಕ, ನಾನು, ಎದುರು ಮನೆಯ ಗುಜರಾತಿ ಹುಡುಗ, ಮೂವರೂ ಟಿ.ವಿ.ಗೆ ಅಂಟಿಕೊಂಡು ಕೂರುತ್ತಿದ್ದೆವು.

1991ರ ಆಗಸ್ಟ್ 11ರಂದು ಶುರುವಾದ ಆ ಕಾರ್ಟೂನಿನ ನಾಯಕ ಟಾಮಿಗೆ ಬರೀ ಒಂದು ವರ್ಷ. ಡೈಪರ್‌ನಿಂದ ಪುಟ್ಟ ಸ್ಕ್ರೂಡ್ರೈವರ್ ತೆಗೆದು ಪ್ಲೇಪೆನ್ನಿನ ಚಿಲಕ ಬಿಚ್ಚುತ್ತಿದ್ದ. ಹಿಂದೆಯೇ ಪುಕ್ಕಲ ಚಕ್ಕಿ, ಅವಳಿಗಳಾದ ಫಿಲ್, ಲಿಲ್. ಎದುರಿಗೆ ಮೂರು ವರ್ಷದ ಜಂಬದ ಆಂಜೆಲಿಕಾ. ನೋಡಿಕೊಳ್ಳಬೇಕಾದ ತಾತ ಕುರ್ಚಿಯಲ್ಲೇ ಗೊರಕೆ! “ಈ ಮುದುಕನ್ನ ನಂಬಿ ಮಕ್ಕಳನ್ನ ಬಿಟ್ಟು ಹೋಗ್ತಾರಲ್ಲ” ಎಂದು ಅಮ್ಮ ಅಡುಗೆಮನೆಯಿಂದಲೇ ಗೊಣಗುತ್ತಿದ್ದರು.

ಮೊದಲ ಕಂತಿನಲ್ಲಿ ಮಕ್ಕಳು ನಾಯಿಯ ತಿಂಡಿ ತಿಂದರೆ ತಾವೂ ನಾಯಿಗಳಾಗುತ್ತೇವೆಂದು ನಂಬಿ ಹೊರಡುತ್ತಾರೆ. ಅಂಥ ನಂಬಿಕೆಯನ್ನು ಗೇಲಿ ಮಾಡದೆ ಗೌರವದಿಂದ ತೋರಿಸಿದ್ದೇ ಅದರ ಶಕ್ತಿ. ಅರ್ಲೀನ್ ಕ್ಲಾಸ್ಕಿ, ಗಾಬೋರ್ ಚೂಪೋ, ಪಾಲ್ ಜರ್ಮೈನ್ ಸೇರಿ ಕಟ್ಟಿದ ಲೋಕವದು. 65 ಕಂತುಗಳಾದ ಮೇಲೆ ತಯಾರಿಕೆ ನಿಂತರೂ ಮರುಪ್ರಸಾರದಲ್ಲೇ ಜನಪ್ರಿಯತೆ ಏರುತ್ತಾ ಹೋಯಿತು. ಹೊಸ ಕಂತುಗಳೂ ಬಂದವು. 1997ರ ತಾಯಂದಿರ ದಿನದ ಕಂತಿನಲ್ಲಿ, ತೀರಿಹೋದ ಅಮ್ಮ ಬರೆದಿಟ್ಟ ಪದ್ಯವನ್ನು ಚಕ್ಕಿಗೆ ಅಪ್ಪ ಓದಿ ಹೇಳುವಾಗ ನಮ್ಮಮ್ಮನೂ ಕೈಕೆಲಸ ಬಿಟ್ಟು ಬಂದು ನಿಂತಿದ್ದರು. 1998ರ ಸಿನಿಮಾ ಅಮೆರಿಕದಲ್ಲಿ 10 ಕೋಟಿ ಡಾಲರ್ ದಾಟಿತು. ಡಿಸ್ನಿಯದಲ್ಲದ ಆ್ಯನಿಮೇಷನ್ ಚಿತ್ರಕ್ಕೆ ಅಷ್ಟು ಗಳಿಕೆ ಅದೇ ಮೊದಲು.

ಇಳಿಜಾರು ಶುರುವಾದದ್ದೂ ಅಲ್ಲಿಂದಲೇ ಎನ್ನಿಸುತ್ತದೆ. ಸಿನಿಮಾದಲ್ಲಿ ಟಾಮಿಗೆ ತಮ್ಮ ಡಿಲ್ ಹುಟ್ಟಿದ. 2000ದ ಪ್ಯಾರಿಸ್ ಚಿತ್ರದಲ್ಲಿ ಕಿಮಿ ಬಂದಳು. ಮಂದಿ ಹೆಚ್ಚಿದಷ್ಟೂ ಹಳೆಯ ನಾಲ್ವರ ಸಲಿಗೆ ತೆಳುವಾಯಿತು. ಸೋಫಾದಡಿಯ ಕತ್ತಲೇ ಕಾಡಾಗಿದ್ದ ಕಥೆ ಪ್ಯಾರಿಸ್, ನಿರ್ಜನ ದ್ವೀಪ ಎಂದು ಸುತ್ತತೊಡಗಿತು. ಅತ್ತ 1999ರಲ್ಲಿ ಬಂದ ‘ಸ್ಪಾಂಜ್‌ಬಾಬ್’ ಮಕ್ಕಳ ಮನಸ್ಸನ್ನು ಸೆಳೆದುಕೊಂಡಿತು. 2003ರ ‘ಆಲ್ ಗ್ರೋನ್ ಅಪ್’ನಲ್ಲಿ ಟಾಮಿಯ ಬಳಗ ಹತ್ತು ವರ್ಷ ದೊಡ್ಡದಾಯಿತು. ಅಕ್ಕ ಒಂದೇ ಕಂತು ನೋಡಿ ಎದ್ದು ಹೋದಳು. 2004ರಲ್ಲಿ ಮೂಲ ಸರಣಿಯೂ ಮುಗಿಯಿತು.

ಆದರೆ ಆ ಮೊದಲ ಕಂತುಗಳ ಋಣ ನಮ್ಮ ಮೇಲಿದೆ. ಮಗುವಿನ ಭಯ ಚಿಕ್ಕದಲ್ಲ, ಅದರ ಧೈರ್ಯವೂ ಚಿಕ್ಕದಲ್ಲ ಎಂಬುದನ್ನು ನಮ್ಮ ತಲೆಮಾರಿಗೆ ಅಷ್ಟು ಪ್ರೀತಿಯಿಂದ ಹೇಳಿಕೊಟ್ಟವರು ಆ ಡೈಪರ್ ಸಾಹಸಿಗಳೇ.